ಹಿರಿಯ ಬಂಡಿಯ ಸಾರಥ್ಯ
(ಕಾರು ನಡೆಸಬಲ್ಲವರು ಬಸ್ಸು ನಡೆಸುವ ಅಧಿಕಾರವನ್ನು ಪಡೆಯುವ ಬಗೆ)

ಬಸ್ಸನ್ನೇರಿ ಕುಳಿತವರಲ್ಲಿ ಅದರ ಸಾರಥಿಯ ಮುಖವನ್ನು ನೋಡಿದವರು ಎಷ್ಟು ಮಂದಿ? ಚೀಟಿ ಕೊಡುವ ಕಂಡಕ್ಟರನ ಮುಖವು ನೆನಪಿನಲ್ಲುಳಿಯುತ್ತದೆ. ಪಕ್ಕದಲ್ಲಿ ಕುಳಿತವರ ಊರುಕೇರಿ, ಮಕ್ಕಳುಮರಿಗಳ ಸಮಾಚಾರವೂ ದಾರಿ ಸಾಗುವಷ್ಟರಲ್ಲಿ ತಿಳಿದುಬಿಡುತ್ತದೆ. ಆದರೆ ಐವತ್ತು ಜನರ ಪ್ರಾಣವನ್ನು ತನ್ನ ಎರಡು ಕೈಗಳಲ್ಲಿಯೂ ಒಂದು ಪಾದದಲ್ಲಿಯೂ ಹಿಡಿದುಕೊಂಡು ಕುಳಿತಿರುವವನ ಬೆನ್ನನ್ನು ಮಾತ್ರವೇ ನಾವು ಕಾಣುತ್ತೇವೆ. ಇಷ್ಟರ ಮೇಲೆ ಅವನಲ್ಲಿ ನಮಗೆ ಪೂರ್ಣ ವಿಶ್ವಾಸ! ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯಿಯೂ ನಿದ್ರಿಸುತ್ತಾಳೆ. ಈ ವಿಶ್ವಾಸವು ಎಲ್ಲಿಂದ ಬಂದಿತು? ಇದಕ್ಕೆ ಆಧಾರವೇನು? ಇದನ್ನು ವಿಚಾರಮಾಡುವುದು ಪ್ರತಿಯೊಂದು ಕುಟುಂಬಕ್ಕೂ ಉಚಿತವಾದದ್ದೆಂದು ನಾವು ಭಾವಿಸುತ್ತೇವೆ.

ವಿಚಾರಮಾಡಲು ಇನ್ನೊಂದು ಕಾರಣವೂ ಉಂಟು. ಹಿಂದೆ ಶ್ರೀಮಂತರ ಅಂಗಳಗಳಲ್ಲಿ ಮಾತ್ರವೇ ಕಾಣುತ್ತಿದ್ದ ಮೋಟಾರು ಕಾರು ಈಗ ಸಾಧಾರಣ ಗೃಹಸ್ಥರ ಮನೆಗಳಿಗೂ ಬಂದಿದೆ. ಹದಿನೆಂಟು ವರ್ಷ ತುಂಬಿದೊಡನೆಯೇ ಕಾರಿನ ಲೈಸೆನ್ಸನ್ನು ಪಡೆದ ಮಕ್ಕಳು ಕೇರಿಗೊಬ್ಬರಂತೆ ಇದ್ದಾರೆ. ಇವರಲ್ಲಿ ಕೆಲವರು ಉದ್ಯೋಗಾರ್ಥಿಗಳಾಗಿ ಸಾರಿಗೆ ನಿಗಮಗಳ ಕಡೆಗೋ, ಶಾಲೆಯ ಬಸ್ಸುಗಳ ಕಡೆಗೋ, ಯಾತ್ರಿಕರನ್ನು ಕರೆದೊಯ್ಯುವ ಖಾಸಗಿ ಬಸ್ಸುಗಳ ಕಡೆಗೋ ಕಣ್ಣೆತ್ತಿ ನೋಡುತ್ತಾರೆ. “ಕಾರು ನಡೆಸಲು ಬರುತ್ತದೆಯಷ್ಟೆ; ಬಸ್ಸೇನು ಮಹಾ? ಅದೂ ಒಂದು ಕಾರೇ, ಸ್ವಲ್ಪ ದೊಡ್ಡದು” ಎಂಬ ಮಾತು ಅವರ ಬಾಯಲ್ಲಿಯೂ, ಕೆಲವು ವೇಳೆ ಅವರ ತಂದೆತಾಯಿಗಳ ಬಾಯಲ್ಲಿಯೂ ಕೇಳಿಬರುತ್ತದೆ. ಈ ಮಾತು ಎಷ್ಟು ಸರಿ, ಎಷ್ಟು ತಪ್ಪು, ಕಾರಿನಿಂದ ಬಸ್ಸಿಗೆ ಏರಬೇಕಾದವರು ದಾಟಬೇಕಾದ ಮೆಟ್ಟಲುಗಳಾವುವು, ಆ ಮೆಟ್ಟಲುಗಳನ್ನು ಕಟ್ಟಿದ್ದು ಏತಕ್ಕೆ ಎಂಬುದನ್ನು ಈ ಲೇಖನದಲ್ಲಿ ಯಥಾಮತಿ ವಿವರಿಸುತ್ತೇವೆ.

ಹಿನ್ನೆಲೆ

ನಮ್ಮ ದೇಶದಲ್ಲಿ ಮೋಟಾರು ಬಂಡಿಗಳ ವಿಷಯವಾಗಿ ಕಾಯಿದೆಯು ಮೊದಲು ಹುಟ್ಟಿದ್ದು ೧೯೧೪ರಲ್ಲಿ. ಬಂಡಿಗಳ ಸಂಖ್ಯೆಯೂ ವೇಗವೂ ಹೆಚ್ಚಿದಂತೆ ಅದು ಸಾಲದಾಗಿ, ೧೯೩೯ರಲ್ಲಿ ಮತ್ತೊಂದು ಕಾಯಿದೆಯು ಬಂದಿತು. ಅದೂ ಹಳೆಯದಾದ ಮೇಲೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯನ್ನು ರಚಿಸಿ, ೧೯೮೯ನೆಯ ಇಸವಿ ಜುಲೈ ೧ರಿಂದ ಜಾರಿಗೆ ತಂದರು. ಈಗ ನಡೆಯುತ್ತಿರುವುದು ಇದೇ ಕಾಯಿದೆ. ೧೯೯೪ರಲ್ಲಿಯೂ ೨೦೧೯ರಲ್ಲಿಯೂ ಇದಕ್ಕೆ ಮುಖ್ಯವಾದ ತಿದ್ದುಪಡಿಗಳಾಗಿವೆ.

ನಮ್ಮ ನಾಡಿನಲ್ಲಿ ಸರ್ಕಾರವೇ ಬಸ್ಸುಗಳನ್ನು ನಡೆಸಲು ಮುಂದಾದದ್ದು ೧೯೪೮ನೆಯ ಇಸವಿ ಸೆಪ್ಟೆಂಬರ್ ೧೨ರಂದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ಆ ದಿನ ೧೨೦ ಬಸ್ಸುಗಳಿಂದ ಕೆಲಸವನ್ನಾರಂಭಿಸಿತು. ೧೯೬೧ರಲ್ಲಿ ಅದು ನಿಗಮವಾಗಿ ಮಾರ್ಪಟ್ಟಿತು. ಮುಂದೆ ಒಂದಿದ್ದದ್ದು ನಾಲ್ಕಾಗಿ, ಇಂದು ರಾಜ್ಯದ ಮೂಲೆಮೂಲೆಗಳಿಗೂ ಈ ನಿಗಮಗಳ ಬಸ್ಸುಗಳು ಹೋಗುತ್ತಿವೆ. ೨೦೨೩ನೆಯ ಇಸವಿ ಜೂನ್ ತಿಂಗಳಲ್ಲಿ ‘ಶಕ್ತಿ’ ಯೋಜನೆಯಿಂದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆತ ಮೇಲಂತೂ ಬಸ್ಸು ಗೃಹಿಣಿಯರ ನಿತ್ಯದ ಸಂಗಾತಿಯಾಯಿತು. ಬಸ್ಸು ಹೆಚ್ಚಿದಷ್ಟೂ ಸಾರಥಿಗಳು ಬೇಕು. ಆದಕಾರಣ ಈ ಉದ್ಯೋಗದ ವಿಚಾರವು ಇಂದು ಮನೆಮನೆಯ ವಿಚಾರವಾಗಿದೆ.

ಕಾಯಿದೆಯ ಮೆಟ್ಟಲುಗಳು

ಕಾರಿನ ಲೈಸೆನ್ಸನ್ನು ಕೈಯಲ್ಲಿ ಹಿಡಿದವನು ಅದನ್ನು ತೋರಿಸಿ ಬಸ್ಸನ್ನು ನಡೆಸುವಂತಿಲ್ಲ. ಕಾಯಿದೆಯು ಲೈಸೆನ್ಸುಗಳಲ್ಲಿ ವರ್ಗಗಳನ್ನು ಮಾಡಿದೆ. ಕಾರು ಮೊದಲಾದವು ‘ಹಗುರ ಮೋಟಾರು ವಾಹನ’ಗಳು, ತುಂಬಿದ ಭಾರವೂ ಸೇರಿ ೭,೫೦೦ ಕಿಲೋಗ್ರಾಮುಗಳನ್ನು ಮೀರದವು ಈ ಗುಂಪಿಗೆ ಸೇರುತ್ತವೆ. ಒಟ್ಟು ಭಾರವು ೧೨,೦೦೦ ಕಿಲೋಗ್ರಾಮುಗಳನ್ನು ಮೀರಿದ ಬಸ್ಸು ‘ಭಾರಿ ಪ್ರಯಾಣಿಕ ವಾಹನ’ವೆನ್ನಿಸುತ್ತದೆ. ಲೈಸೆನ್ಸಿನ ಮಟ್ಟಿಗೆ ಹಿಂದೆ ಮಧ್ಯಮ, ಭಾರಿ ಎಂದು ಬೇರೆಬೇರೆಯಾಗಿದ್ದ ವರ್ಗಗಳನ್ನು ೧೯೯೪ರ ತಿದ್ದುಪಡಿಯು ಒಟ್ಟುಗೂಡಿಸಿ ‘ಸಾರಿಗೆ ವಾಹನ’ ಎಂಬ ಒಂದೇ ಹೆಸರನ್ನು ಕೊಟ್ಟಿತು. ಆ ಹೆಸರು ಲೈಸೆನ್ಸಿನ ಮೇಲೆ ಸೇರಬೇಕು. ಇರುವ ಲೈಸೆನ್ಸಿಗೇ ಹೊಸ ವರ್ಗವನ್ನು ಸೇರಿಸಿಕೊಡುವ ಏರ್ಪಾಡು ಕಾಯಿದೆಯಲ್ಲಿದೆ.

ಇಲ್ಲಿ ಒಂದು ಸಂಶಯವನ್ನು ಪರಿಹರಿಸುವುದು ಅವಶ್ಯ. ಬಾಡಿಗೆಯ ಸಣ್ಣ ಬಂಡಿಯನ್ನು ನಡೆಸಲು ಕಾರಿನ ಲೈಸೆನ್ಸೇ ಸಾಕೋ, ಬೇರೆ ಬೇಕೋ ಎಂಬ ವಿವಾದವು ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕೆಂದು ಹೇಳಿತು; ೨೦೨೪ನೆಯ ಇಸವಿ ನವೆಂಬರ್ ೬ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಆ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಈ ತೀರ್ಪನ್ನು ಅರ್ಧ ಕೇಳಿದವರು “ಇನ್ನು ಬಸ್ಸಿಗೂ ಕಾರಿನ ಲೈಸೆನ್ಸೇ ಸಾಕು” ಎಂದು ಹೇಳಿಕೊಂಡು ತಿರುಗುವುದುಂಟು. ಅದು ಶುದ್ಧ ಅಬದ್ಧ. ತೀರ್ಪು ಅನ್ವಯಿಸುವುದು ೭,೫೦೦ ಕಿಲೋಗ್ರಾಮಿನ ಒಳಗಿನ ಬಂಡಿಗಳಿಗೆ ಮಾತ್ರ. ನಾವು ನಿತ್ಯವೂ ಏರುವ ಉದ್ದನೆಯ ಬಸ್ಸು ಆ ಮಿತಿಯನ್ನು ಬಹುದೂರ ಮೀರಿದ್ದು.

ಇನ್ನು ಮೆಟ್ಟಲುಗಳು. ಮೊದಲನೆಯದು ವಯಸ್ಸು. ಕಾರಿಗೆ ಹದಿನೆಂಟು ಸಾಕು. ಸಾರಿಗೆ ವಾಹನಕ್ಕೆ ಇಪ್ಪತ್ತು ತುಂಬಿರಬೇಕು. ಎರಡನೆಯದು ಅನುಭವ. ಹಗುರ ವಾಹನದ ಲೈಸೆನ್ಸನ್ನು ಪಡೆದು ಕಡೆಯ ಪಕ್ಷ ಒಂದು ವರ್ಷವಾಗಿದ್ದ ಹೊರತು ಸಾರಿಗೆ ವಾಹನವನ್ನು ಕಲಿಯುವ ಲೈಸೆನ್ಸನ್ನೂ ಕೊಡತಕ್ಕದ್ದಲ್ಲ. ಹಿಂದೆ ಎಂಟನೆಯ ತರಗತಿಯವರೆಗೆ ಓದಿರಬೇಕೆಂಬ ನಿಯಮವೂ ಇತ್ತು. ೨೦೧೯ರಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಸಾರಿಗೆ ನಿಗಮಗಳು ಉದ್ಯೋಗಕ್ಕೆ ಕರೆಯುವಾಗ ತಮ್ಮದೇ ಆದ ವಿದ್ಯಾರ್ಹತೆಯನ್ನೂ, ಭಾರಿ ವಾಹನದ ಲೈಸೆನ್ಸನ್ನೂ, ಪ್ರಯಾಣಿಕ ವಾಹನದ ಬ್ಯಾಡ್ಜನ್ನೂ, ಕೆಲವು ವರ್ಷಗಳ ಅನುಭವವನ್ನೂ ಕೇಳುವುದು ವಾಡಿಕೆ. ಉದ್ಯೋಗಾರ್ಥಿಗಳು ಇದನ್ನು ಮೊದಲೇ ತಿಳಿದಿರುವುದು ಮೇಲು.

ಮೂರನೆಯದು ದೇಹಸ್ಥಿತಿ. ಕಾರಿಗೆ ಅರ್ಜಿಹಾಕುವ ನಲವತ್ತರೊಳಗಿನವನು ತನ್ನ ಆರೋಗ್ಯವನ್ನು ತಾನೇ ಬರೆದುಕೊಟ್ಟರೆ ಸಾಕಾಗುತ್ತದೆ. ಸಾರಿಗೆ ವಾಹನಕ್ಕೆ ಹಾಗಲ್ಲ. ವಯಸ್ಸು ಎಷ್ಟೇ ಇರಲಿ, ನೋಂದಾಯಿತ ವೈದ್ಯರು ಪರೀಕ್ಷಿಸಿ ‘೧-ಎ’ ಎಂಬ ನಮೂನೆಯಲ್ಲಿ ಪ್ರಮಾಣಪತ್ರವನ್ನು ಕೊಡಬೇಕು. ಮೂರ್ಛೆರೋಗವಿದೆಯೇ, ತಲೆ ತಿರುಗುವುದುಂಟೇ, ಹೃದಯ ಶ್ವಾಸಕೋಶಗಳು ಸರಿಯಾಗಿವೆಯೇ, ಇಪ್ಪತ್ತೈದು ಮೀಟರು ದೂರದಲ್ಲಿರುವ ಬಂಡಿಯ ಸಂಖ್ಯಾಫಲಕವನ್ನು ಹಗಲಿನಲ್ಲಿ ಓದಬಲ್ಲನೇ, ಇರುಳುಗುರುಡು ಉಂಟೇ, ಸಾಧಾರಣ ಶಬ್ದಗಳು ಕೇಳಿಸುವುವೇ ಎಂದು ವೈದ್ಯರು ನೋಡುತ್ತಾರೆ. ಕನ್ನಡಕವನ್ನು ಧರಿಸಿ ಸರಿಯಾಗಿ ಕಾಣುವುದಾದರೆ ಕನ್ನಡಕವು ಅಡ್ಡಿಯಲ್ಲ; ಅಡ್ಡಿಯೆಂದರೆ ದೋಷವನ್ನು ಮುಚ್ಚಿಡುವುದು.

ನಾಲ್ಕನೆಯದು ಶಿಕ್ಷಣ. ಕಾರನ್ನು ಮನೆಯಲ್ಲಿ ಅಣ್ಣನಿಂದಲೋ ಸೋದರಮಾವನಿಂದಲೋ ಕಲಿತು ಪರೀಕ್ಷೆಗೆ ಹೋಗಬಹುದು. ಬಸ್ಸಿಗೆ ಅದು ಸಲ್ಲದು. ಸರ್ಕಾರದಿಂದ ಪರವಾನಗಿ ಪಡೆದ ಚಾಲನ ಶಾಲೆಯಲ್ಲಿ ಕಲಿತು ಅದರ ಪ್ರಮಾಣಪತ್ರವನ್ನು ತರಬೇಕು. ೧೯೮೯ರ ಕೇಂದ್ರ ನಿಯಮಗಳ ಪ್ರಕಾರ ಭಾರಿ ವಾಹನದ ಶಿಕ್ಷಣವು ಮೂವತ್ತು ದಿನಗಳಿಗೆ ಕಡಮೆಯಿರತಕ್ಕದ್ದಲ್ಲ. ಅದರಲ್ಲಿ ಬಂಡಿಯನ್ನು ತಾನೇ ನಡೆಸಿದ ಕಾಲವು ಹದಿನೈದು ಗಂಟೆಗಳಿಗೆ ಕಡಮೆಯಿರತಕ್ಕದ್ದಲ್ಲ. ೨೦೨೧ರಿಂದ ಮಾನ್ಯತೆ ಪಡೆದ ಶಿಕ್ಷಣ ಕೇಂದ್ರಗಳೆಂಬ ಇನ್ನೊಂದು ಏರ್ಪಾಡೂ ಬಂದಿದೆ; ಅಲ್ಲಿ ಭಾರಿ ವಾಹನಕ್ಕೆ ಆರು ವಾರಗಳಲ್ಲಿ ಮೂವತ್ತೆಂಟು ಗಂಟೆಗಳ ಪಾಠವನ್ನು ಗೊತ್ತುಮಾಡಿದ್ದಾರೆ.

ಕಡೆಯದು ಪರೀಕ್ಷೆ. ಕಲಿಯುವ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಅದು ದೊರೆತು ಮೂವತ್ತು ದಿನಗಳಾದ ಮೇಲೆಯೇ ಪರೀಕ್ಷೆಗೆ ಹೋಗಬಹುದು. ಹೊರಡುವ ಮೊದಲು ಕನ್ನಡಿಗಳನ್ನು ನೋಡಿದನೇ, ಏರಿನಲ್ಲಿ ನಿಲ್ಲಿಸಿ ಬಂಡಿಯು ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸಿದನೇ, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ತ್ವರೆಯಾಗಿ ಇಳಿದನೇ, ಹಿಂದಕ್ಕೆ ನಡೆಸಬಲ್ಲನೇ ಎಂಬಿವೇ ಮೊದಲಾದವುಗಳನ್ನು ಮೋಟಾರು ವಾಹನ ನಿರೀಕ್ಷಕರು ನೋಡುತ್ತಾರೆ. ತೇರ್ಗಡೆಯಾಗದಿದ್ದರೆ ಏಳು ದಿನಗಳ ಮೇಲೆ ಮತ್ತೆ ಪ್ರಯತ್ನಿಸಬಹುದು. ಮೂರು ಸಲವೂ ಸೋತವನು ಅರವತ್ತು ದಿನ ಕಾಯಬೇಕು. ಗೆದ್ದವನಿಗೂ ಈ ಅಧಿಕಾರವು ಶಾಶ್ವತವಲ್ಲ. ಮೊದಲು ಮೂರು ವರ್ಷಗಳಿದ್ದ ಅವಧಿಯು ೨೦೧೯ರ ತಿದ್ದುಪಡಿಯಿಂದ ಐದಾಗಿದೆ. ಐದು ವರ್ಷಗಳಿಗೊಮ್ಮೆ ವೈದ್ಯರ ಪತ್ರದೊಡನೆ ಅದನ್ನು ನವೀಕರಿಸಿಕೊಳ್ಳಬೇಕು.

ಬಸ್ಸೆಂದರೆ ದೊಡ್ಡ ಕಾರಲ್ಲ

ಇಷ್ಟೊಂದು ಮೆಟ್ಟಲುಗಳು ಏತಕ್ಕೆಂದು ಯುವಕರು ಕೇಳಬಹುದು. ಅದಕ್ಕೆ ಉತ್ತರವು ಬಸ್ಸಿನ ಮೈಕಟ್ಟಿನಲ್ಲಿಯೇ ಇದೆ.

ಮೊದಲು ತಿರುವನ್ನು ನೋಡೋಣ. ಯಾವ ಬಂಡಿಯೇ ಆಗಲಿ, ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಹೋಗುವುದಿಲ್ಲ. ತಿರುವಿನ ಒಳಮಗ್ಗುಲಿಗೆ ಸರಿದು ಹೋಗುತ್ತವೆ. ಕಾರಿನ ಎರಡು ಅಚ್ಚುಗಳ ನಡುವಣ ದೂರವು ಸುಮಾರು ಎರಡೂವರೆ ಮೀಟರು. ಹನ್ನೆರಡು ಮೀಟರು ಉದ್ದದ ಬಸ್ಸಿನಲ್ಲಿ ಅದು ಸುಮಾರು ಆರು ಮೀಟರು. ಮುಂದಿನ ಚಕ್ರವು ಹನ್ನೆರಡು ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಲೆಕ್ಕಹಾಕಿ ನೋಡಿದರೆ ಕಾರಿನ ಹಿಂದಿನ ಚಕ್ರವು ಒಳಕ್ಕೆ ಸರಿಯುವುದು ಒಂದು ಗೇಣಿನಷ್ಟು. ಬಸ್ಸಿನದು ಒಂದೂವರೆ ಮೀಟರಿಗೂ ಹೆಚ್ಚು, ಅಂದರೆ ಒಂದು ಮಾರಿಗೆ ಸಮೀಪ. ಗೇಣಿನ ಅಭ್ಯಾಸವಿರುವವನು ಮಾರಿನ ಬಂಡಿಯನ್ನು ಅದೇ ಅಂದಾಜಿನಲ್ಲಿ ತಿರುಗಿಸಿದರೆ, ತಿರುವಿನ ಮೂಲೆಯಲ್ಲಿ ನಿಂತ ಬೈಸಿಕಲ್ಲಿನವನ ಗತಿಯೇನು? ಆದಕಾರಣವೇ ಬಸ್ಸಿನ ಸಾರಥಿಯು ತಿರುವಿನಲ್ಲಿ ಮುಂದಕ್ಕೆ ಹೆಚ್ಚಾಗಿ ಹೋಗಿ, ಅನಂತರ ಚಕ್ರವನ್ನು ತಿರುಗಿಸುತ್ತಾನೆ. ಅನೇಕ ಬಸ್ಸುಗಳಲ್ಲಿ ಅವನ ಪೀಠವು ಮುಂದಿನ ಚಕ್ರಗಳಿಗಿಂತಲೂ ಮುಂದೆ ಇರುತ್ತದೆ. ತಾನು ರಸ್ತೆಯ ಅಂಚನ್ನು ದಾಟಿ ಹೋದಂತೆ ಕಂಡರೂ ಚಕ್ರಗಳಿನ್ನೂ ಹಿಂದೆ ಇರುತ್ತವೆ. ಕಾರಿನಿಂದ ಬಂದವನ ಕಣ್ಣು ಇದಕ್ಕೆ ಒಗ್ಗಲು ದಿನಗಳು ಬೇಕು.

ಬಾಲದ ಕಥೆಯೂ ಹೀಗೆಯೇ. ಬಸ್ಸಿನ ಹಿಂದಿನ ಚಕ್ರಗಳ ಆಚೆಗೂ ಹಲವು ಮೀಟರುಗಳಷ್ಟು ಒಡಲು ಚಾಚಿಕೊಂಡಿರುತ್ತದೆ. ಬಸ್ಸು ಬಲಕ್ಕೆ ತಿರುಗಿದಾಗ ಆ ಬಾಲವು ಎಡಕ್ಕೆ ಬೀಸುತ್ತದೆ. ನಿಲ್ದಾಣದಲ್ಲಿ ಬಸ್ಸಿಗೆ ಒರಗಿಕೊಂಡಂತೆ ನಿಲ್ಲುವ ಜನರಿಗೆ ಇದರ ಅರಿವಿರುವುದಿಲ್ಲ. ಮಕ್ಕಳನ್ನು ಹೊರಡುತ್ತಿರುವ ಬಸ್ಸಿನಿಂದ ಎರಡು ಹೆಜ್ಜೆ ದೂರ ನಿಲ್ಲಿಸಬೇಕೆಂಬುದನ್ನು ತಾಯಂದಿರು ನೆನಪಿನಲ್ಲಿಡಲಿ.

ಎರಡನೆಯದು ಬ್ರೇಕು. ಕಾರಿನಲ್ಲಿ ಪಾದದ ಒತ್ತಡವು ಕೊಳವೆಯಲ್ಲಿನ ದ್ರವದ ಮೂಲಕ ಕೂಡಲೇ ಚಕ್ರವನ್ನು ಮುಟ್ಟುತ್ತದೆ. ದೊಡ್ಡ ಬಸ್ಸಿನ ಬ್ರೇಕು ಗಾಳಿಯದು. ಎಂಜಿನ್ನಿನಿಂದ ನಡೆಯುವ ಯಂತ್ರವೊಂದು ಗಾಳಿಯನ್ನು ಒತ್ತಿ ತೊಟ್ಟಿಗಳಲ್ಲಿ ತುಂಬಿಡುತ್ತದೆ. ಸಾರಥಿಯ ಪಾದವು ಆ ಗಾಳಿಗೆ ಬಾಗಿಲು ತೆರೆಯುತ್ತದೆ, ಅಷ್ಟೇ. ಗಾಳಿಯು ಉದ್ದನೆಯ ಕೊಳವೆಗಳಲ್ಲಿ ಓಡಿ ಚಕ್ರವನ್ನು ಮುಟ್ಟಲು ಕ್ಷಣದ ಒಂದು ಭಾಗವಾದರೂ ಹಿಡಿಯುತ್ತದೆ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿರುವ ಬಸ್ಸು ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರು ಮುಂದೆ ಹೋಗಿರುತ್ತದೆ. ಬೆಳಗ್ಗೆ ಎಂಜಿನ್ನನ್ನು ಚಾಲೂಮಾಡಿದೊಡನೆ ಹೊರಡದೆ, ಗಾಳಿಯ ಮುಳ್ಳು ಏರುವುದನ್ನು ಸಾರಥಿಯು ಕಾಯುತ್ತ ಕುಳಿತಿರುವುದನ್ನು ನೀವು ಕಂಡಿರಬಹುದು. ಅದು ಸೋಮಾರಿತನವಲ್ಲ, ಗಾಳಿ ತುಂಬದ ಬಸ್ಸಿಗೆ ಬ್ರೇಕೇ ಇಲ್ಲ. ಪಾದವನ್ನು ಮೇಲಿಂದ ಮೇಲೆ ಒತ್ತಿ ಬಿಡುವ ಅಭ್ಯಾಸವು ಕೆಲವು ಕಾರು ಚಾಲಕರಿಗುಂಟು. ಬಸ್ಸಿನಲ್ಲಿ ಹಾಗೆ ಮಾಡಿದರೆ ತುಂಬಿಟ್ಟ ಗಾಳಿಯು ವ್ಯರ್ಥವಾಗಿ ಖರ್ಚಾಗಿ, ಬೇಕಾದ ಸಮಯದಲ್ಲಿ ಸಾಲದೆ ಹೋಗಬಹುದು.

ಮೂರನೆಯದು ಭಾರ. ಒಂದು ಟನ್ನಿನ ಕಾರೂ ಹದಿನೈದು ಟನ್ನಿನ ಬಸ್ಸೂ ಒಂದೇ ವೇಗದಲ್ಲಿ ಓಡುತ್ತಿದ್ದರೆ, ನಿಲ್ಲಿಸುವಾಗ ಅಡಗಿಸಬೇಕಾದ ಶಕ್ತಿಯು ಬಸ್ಸಿನಲ್ಲಿ ಹದಿನೈದು ಮಡಿ. ವೇಗವು ಇಮ್ಮಡಿಯಾದರೆ ಈ ಶಕ್ತಿಯು ನಾಲ್ಮಡಿಯಾಗುತ್ತದೆ. ಈ ಕಾರಣದಿಂದಲೇ ೨೦೧೮ರಲ್ಲಿ ಕೇಂದ್ರ ಸರ್ಕಾರವು ವೇಗದ ಪರಮಾವಧಿಯನ್ನು ಗೊತ್ತುಮಾಡಿದಾಗ, ಸಾಧಾರಣ ರಸ್ತೆಗಳಲ್ಲಿ ಕಾರಿಗೆ ೭೦ ಕಿಲೋಮೀಟರನ್ನೂ ಬಸ್ಸಿಗೆ ೬೦ ಕಿಲೋಮೀಟರನ್ನೂ ವಿಧಿಸಿತು. ರಾಜ್ಯಗಳು ಇದಕ್ಕಿಂತಲೂ ಕಡಮೆ ಮಾಡಬಹುದು.

ಭಾರದ ನಿಜವಾದ ಪರೀಕ್ಷೆಯು ಘಟ್ಟಗಳಲ್ಲಿ. ಸಕಲೇಶಪುರದಿಂದ ಶಿರಾಡಿ ಘಟ್ಟವನ್ನೋ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನೋ ಇಳಿಯುವ ಬಸ್ಸಿನಲ್ಲಿ ಕುಳಿತವರು ಎಂಜಿನ್ನು ಗುಡುಗುಟ್ಟುವುದನ್ನು ಕೇಳಿದ್ದಾರೆ. ಇಳಿಜಾರಿನಲ್ಲಿ ಎಂಜಿನ್ನು ಏಕೆ ಗರ್ಜಿಸಬೇಕು? ಸಾರಥಿಯು ಕೆಳಗಿನ ಗೇರನ್ನು ಹಾಕಿ ಎಂಜಿನ್ನಿನಿಂದಲೇ ಬಂಡಿಯನ್ನು ಹಿಡಿದಿಟ್ಟಿದ್ದಾನೆ, ಅದಕ್ಕಾಗಿ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಳೆಯ ಸಾರಥಿಗಳ ಸೂತ್ರ. ಹಾಗಲ್ಲದೆ ಬ್ರೇಕನ್ನೇ ನೆಚ್ಚಿ, ಮೇಲಿನಿಂದ ಕೆಳಗಿನವರೆಗೂ ಪಾದವನ್ನೊತ್ತಿ ಇಳಿದರೆ, ಉಜ್ಜಾಟದಿಂದ ಚಕ್ರಗಳ ಬ್ರೇಕು ಕಾದುಹೋಗಿ ಹಿಡಿತವೇ ಕುಗ್ಗುತ್ತದೆ. ಕಾರಿನಲ್ಲಿ ಈ ತಪ್ಪು ಬಹುಮಟ್ಟಿಗೆ ಬಯಲಾಗದೆ ದಾಟಿಹೋಗುತ್ತದೆ. ಹದಿನೈದು ಟನ್ನಿನ ಬಂಡಿಯಲ್ಲಿ ದಾಟುವುದಿಲ್ಲ.

ನಾಲ್ಕನೆಯದು ಜನ. ಇದೇ ಎಲ್ಲಕ್ಕಿಂತಲೂ ಮುಖ್ಯವಾದದ್ದು. ಕಾರಿನಲ್ಲಿ ಎಲ್ಲರೂ ಕುಳಿತಿರುತ್ತಾರೆ, ಪಟ್ಟಿಯನ್ನೂ ಕಟ್ಟಿಕೊಂಡಿರುತ್ತಾರೆ. ಬಸ್ಸಿನಲ್ಲಿ ಮುದುಕಿಯೊಬ್ಬಳು ಗಂಟನ್ನು ಹಿಡಿದು ನಿಂತಿರುತ್ತಾಳೆ. ಬಸುರಿಯೊಬ್ಬಳು ಇಳಿಯಲೆಂದು ಎದ್ದಿರುತ್ತಾಳೆ. ಶಾಲೆಯ ಹುಡುಗನು ಮೆಟ್ಟಲಲ್ಲಿರುತ್ತಾನೆ. ಸಾರಥಿಯ ಪಾದವು ಒಮ್ಮೆ ಒರಟಾದರೆ ಹೊರಗೆ ಯಾವ ಅಪಘಾತವೂ ಇಲ್ಲದೆ ಒಳಗೇ ಕೈಕಾಲುಗಳು ಮುರಿಯುತ್ತವೆ. ಒಳ್ಳೆಯ ಸಾರಥಿಯು ಮುಂದಿನ ನೂರು ಗಜಗಳನ್ನು ಮೊದಲೇ ಓದಿಕೊಂಡು, ಬ್ರೇಕನ್ನು ತುಂಬಿದ ಬಿಂದಿಗೆಯನ್ನು ಇಳಿಸುವಷ್ಟು ಮೆಲ್ಲಗೆ ಒತ್ತುತ್ತಾನೆ. ಕಂಡಕ್ಟರನು “ರೈಟ್” ಎನ್ನುವವರೆಗೂ, ಬಾಗಿಲು ಮುಚ್ಚುವವರೆಗೂ ಚಕ್ರವು ಉರುಳತಕ್ಕದ್ದಲ್ಲ. ಕಾಯಿದೆಯು ಒಂದು ವರ್ಷದ ಕಾರಿನ ಅನುಭವವನ್ನು ಕೇಳುವುದು ಈ ಅರ್ಥದಿಂದ: ರಸ್ತೆಯ ಮರ್ಯಾದೆಯು ಚಿಕ್ಕ ಬಂಡಿಯಲ್ಲಿಯೇ ರಕ್ತಗತವಾಗಿರಲಿ, ದೊಡ್ಡ ಬಂಡಿಯಲ್ಲಿ ಕುಳಿತ ಮೇಲೆ ಬಂಡಿಯನ್ನೂ ಜನರನ್ನೂ ಕುರಿತು ಕಲಿಯಲು ಮನಸ್ಸಿಗೆ ಬಿಡುವಿರಲಿ ಎಂಬುದು ಅದರ ಆಶಯವಾಗಿರಬೇಕು.

“ಆನೆ ನಡೆದದ್ದೇ ದಾರಿ” ಎಂಬ ಗಾದೆಯನ್ನು ಕೆಲವು ಸಾರಥಿಗಳು ಬಸ್ಸಿಗೆ ಅನ್ವಯಿಸಿಕೊಂಡಂತೆ ತೋರುತ್ತದೆ. ಗಾತ್ರವು ದೊಡ್ಡದಾದ್ದರಿಂದ ಉಳಿದವರೇ ದಾರಿ ಬಿಡಲಿ ಎಂಬುದು ಅವರ ಭಾವನೆ. ನಿಜವು ಇದಕ್ಕೆ ವಿರುದ್ಧ. ಬಸ್ಸಿನ ಮಗ್ಗುಲಲ್ಲಿಯೂ ಹಿಂದೆಯೂ ಮೂತಿಯ ಕೆಳಗೂ ಸಾರಥಿಗೆ ಕಾಣದ ಎಡೆಗಳು ಕಾರಿನಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಕಾಣದಿರುವುದು ಹೆಚ್ಚಿದಷ್ಟೂ ತಾಳ್ಮೆಯೂ ಹೆಚ್ಚಬೇಕಾದದ್ದು ನ್ಯಾಯ.

ಅಡ್ಡದಾರಿಯ ಬೆಲೆ

ಇನ್ನು ಹೇಳಲೇಬೇಕಾದ ಕಹಿಮಾತೊಂದಿದೆ. ಮೂವತ್ತು ದಿನಗಳ ಶಿಕ್ಷಣವನ್ನು ಮೂರು ದಿನಗಳಲ್ಲಿ ಮುಗಿಸಿಕೊಡುತ್ತೇವೆ, ಬಸ್ಸನ್ನು ಮುಟ್ಟದೆಯೇ ಪ್ರಮಾಣಪತ್ರವನ್ನು ತರಿಸಿಕೊಡುತ್ತೇವೆ ಎಂದು ಆಸೆ ತೋರಿಸುವವರು ಉಂಟು. ಹಣವೂ ಕಾಲವೂ ಉಳಿಯಿತೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಉಳಿದದ್ದು ಏನು? ಹದಿನೈದು ಗಂಟೆಗಳ ಅಭ್ಯಾಸ. ಗೇಣಿಗೂ ಮಾರಿಗೂ ಇರುವ ಅಂತರವನ್ನು ಆ ಹುಡುಗನು ಶಿಕ್ಷಕನ ಪಕ್ಕದಲ್ಲಿ ಕುಳಿತು ಖಾಲಿ ಬಸ್ಸಿನಲ್ಲಿ ಕಲಿಯಬಹುದಾಗಿತ್ತು. ಈಗ ಅದನ್ನು ತುಂಬಿದ ಬಸ್ಸಿನಲ್ಲಿ, ತಿರುವಿನ ಮೂಲೆಯಲ್ಲಿ ನಿಂತವರ ಮೈಮೇಲೆ ಕಲಿಯಬೇಕಾಗುತ್ತದೆ.

ಕಾಯಿದೆಯ ದೃಷ್ಟಿಯಿಂದಲೂ ಇದು ಲಾಭದ ವ್ಯಾಪಾರವಲ್ಲ. ಸರಿಯಾದ ಲೈಸೆನ್ಸಿಲ್ಲದೆ ಬಂಡಿಯನ್ನು ನಡೆಸಿದರೆ ೨೦೧೯ರ ತಿದ್ದುಪಡಿಯ ಪ್ರಕಾರ ಐದು ಸಾವಿರ ರೂಪಾಯಿಗಳ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ. ಅಜಾಗರೂಕತೆಯಿಂದ ಒಬ್ಬರ ಪ್ರಾಣವು ಹೋದರೆ, ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸುತ್ತದೆ. ವಿಮೆಯ ವಿಚಾರವು ಇನ್ನೂ ಘನವಾದದ್ದು. ಲೈಸೆನ್ಸಿನಲ್ಲಿ ದೋಷವಿದ್ದು ಬಂಡಿಯ ಯಜಮಾನನ ತಪ್ಪೂ ಸಿದ್ಧಪಟ್ಟರೆ, ವಿಮೆಯ ಕಂಪೆನಿಯು ನೊಂದವರಿಗೆ ಮೊದಲು ಪರಿಹಾರವನ್ನು ಕೊಟ್ಟು, ಆ ಮೊತ್ತವನ್ನು ಯಜಮಾನನಿಂದ ವಸೂಲುಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ವಿವರಿಸಿತು. ಒಂದು ಬಸ್ಸನ್ನು ಸಾಲಮಾಡಿ ಕೊಂಡು, ಮಗನನ್ನೋ ತಮ್ಮನನ್ನೋ ಅದರ ಸಾರಥಿಯಾಗಿ ಕೂರಿಸಿದ ಕುಟುಂಬಕ್ಕೆ ಇದರ ಅರ್ಥವು ಬೇಗನೆ ತಿಳಿಯುತ್ತದೆ: ಮನೆ, ಗದ್ದೆ, ಒಡವೆಗಳೆಲ್ಲವೂ ಆ ಒಂದು ಕಾಗದದ ಸತ್ಯಾಸತ್ಯತೆಯ ಮೇಲೆ ನಿಂತಿವೆ.

ಆದುದರಿಂದ ಶಾಲೆಯನ್ನು ಆರಿಸುವಾಗ ಕೆಲವು ವಿಚಾರಗಳನ್ನು ಕಣ್ಣಾರೆ ನೋಡಿಯೇ ಹಣವನ್ನು ಕಟ್ಟಬೇಕು. ಶಾಲೆಗೆ ಭಾರಿ ವಾಹನವನ್ನು ಕಲಿಸುವ ಪರವಾನಗಿಯಿದೆಯೇ? ಅದರಲ್ಲಿ ನಿಜವಾಗಿಯೂ ದೊಡ್ಡ ಬಂಡಿಯುಂಟೇ? ಆ ಬಂಡಿಯಲ್ಲಿ ಶಿಕ್ಷಕನ ಪಾದಕ್ಕೂ ಬ್ರೇಕು ಎಟಕುವಂತೆ ಜೋಡಿ ಪೆಡಲುಗಳಿವೆಯೇ? ಒಬ್ಬೊಬ್ಬ ವಿದ್ಯಾರ್ಥಿಗೆ ಚಕ್ರವು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಏರು, ಇಳಿಜಾರು, ಸಂತೆಯ ಬೀದಿ, ರಾತ್ರಿಯ ದಾರಿ ಇವುಗಳಲ್ಲಿ ಅಭ್ಯಾಸಮಾಡಿಸುವರೇ? ಈ ಪ್ರಶ್ನೆಗಳಿಗೆ ನೇರವಾದ ಉತ್ತರವನ್ನು ಕೊಡದ ಶಾಲೆಯಿಂದ ಪ್ರಮಾಣಪತ್ರವು ಬರಬಹುದು, ವಿದ್ಯೆಯು ಬರುವುದಿಲ್ಲ.

ಸ್ತ್ರೀಯರ ಪಾಲು

ಈ ಉದ್ಯೋಗವು ಗಂಡಸರ ಸ್ವತ್ತೆಂದು ಕಾಯಿದೆಯು ಎಲ್ಲಿಯೂ ಹೇಳಿಲ್ಲ. ಮೆಟ್ಟಲುಗಳು ಇಬ್ಬರಿಗೂ ಒಂದೇ. ನೆರೆಯ ತಮಿಳುನಾಡಿನ ಸರ್ಕಾರಿ ಸಾರಿಗೆಯಲ್ಲಿ ಎಂ. ವಸಂತಕುಮಾರಿ ಎಂಬಾಕೆಯು ೧೯೯೩ರಲ್ಲಿಯೇ ಬಸ್ಸಿನ ಸಾರಥಿಯಾಗಿ ಸೇರಿದರು. ಅಂದಿನವರೆಗೆ ಸ್ತ್ರೀಯರು ಕಾಣದಿದ್ದ ಪೀಠವದು. ನಮ್ಮ ಬೆಂಗಳೂರಿನಲ್ಲಿಯೂ ನಗರ ಸಾರಿಗೆಯ ಬಸ್ಸನ್ನು ಸ್ತ್ರೀಯು ನಡೆಸಿದ್ದುಂಟು. ಇಂದಿನ ಬಸ್ಸುಗಳಲ್ಲಿ ಸ್ಟಿಯರಿಂಗ್ ಚಕ್ರಕ್ಕೆ ಯಂತ್ರದ ನೆರವಿರುವುದರಿಂದ ತೋಳ್ಬಲದ ಮಾತು ಬಹುಮಟ್ಟಿಗೆ ಹಿಂದೆ ಬಿದ್ದಿದೆ. ಬೇಕಾಗಿರುವುದು ಕಣ್ಣು, ತಾಳ್ಮೆ, ಅಭ್ಯಾಸ. ಆದರೂ ಈ ಪೀಠದಲ್ಲಿ ಸ್ತ್ರೀಯರು ವಿರಳವಾಗಿದ್ದಾರೆ. ರಾತ್ರಿ ತಂಗುವ ಊರುಗಳಲ್ಲಿ ಅವರಿಗೆ ಸುರಕ್ಷಿತವಾದ ಕೊಠಡಿ, ಶುಚಿಯಾದ ಶೌಚಾಲಯ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇವೆಲ್ಲವೂ ಒದಗಿದ ಹೊರತು ಕಾಯಿದೆಯ ಸಮಾನತೆಯು ರಸ್ತೆಗೆ ಇಳಿಯುವುದು ಕಷ್ಟ.

ಮನೆಯವರು ಮಾಡಬೇಕಾದದ್ದು

ಲೈಸೆನ್ಸು ಕೈಗೆ ಬಂದ ಮೇಲೆ ಸರ್ಕಾರದ ಕೆಲಸವು ಐದು ವರ್ಷಗಳ ಮಟ್ಟಿಗೆ ಮುಗಿಯಿತು. ಮನೆಯವರ ಕೆಲಸವು ಆಗಲೇ ಆರಂಭವಾಗುತ್ತದೆ. ಸಾರಥಿಯ ಮೊದಲ ಶತ್ರು ನಿದ್ರೆಯ ಕೊರತೆ. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು ಗಂಟೆಗಳ ಕೆಲಸವನ್ನೂ, ಐದು ಗಂಟೆಗಳಾಗುವುದರೊಳಗೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ ಈಗ ಹೊಸ ಕಾರ್ಮಿಕ ಸಂಹಿತೆಯು ಬಂದಿದೆಯಾದರೂ, ಮಾನವನ ಮೈಯ ನಿಯಮವು ಬದಲಾಗಿಲ್ಲ. ಯಾವ ಕಾಯಿದೆಯೂ ಕೆಲಸದ ಗಂಟೆಗಳನ್ನು ಎಣಿಸಬಲ್ಲುದೇ ಹೊರತು, ಮನೆಗೆ ಬಂದವನು ಮಲಗಿದನೇ ಎಂದು ನೋಡಲಾರದು.

ರಾತ್ರಿಯೆಲ್ಲ ಬಸ್ಸನ್ನು ನಡೆಸಿ ಬೆಳಗ್ಗೆ ಮನೆಗೆ ಬಂದವನಿಗೆ ಹಗಲೇ ರಾತ್ರಿ. ಅವನನ್ನು ಸಂತೆಗೆ ಅಟ್ಟುವುದು, ನೆಂಟರ ಮದುವೆಗೆ ಎಬ್ಬಿಸಿಕೊಂಡು ಹೋಗುವುದು, “ಹಗಲು ಮಲಗುವುದು ದರಿದ್ರ” ಎಂದು ಅಣಕಿಸುವುದು ಇವೆಲ್ಲವೂ ಅರಿಯದೆ ಮಾಡುವ ಅಪಕಾರಗಳು. ಕೋಣೆಯನ್ನು ಕತ್ತಲೆಮಾಡಿ, ಮಕ್ಕಳನ್ನು ಹೊರಗೆ ಆಡಿಸಿ, ಅವನನ್ನು ಏಳೆಂಟು ಗಂಟೆ ಮಲಗಲು ಬಿಟ್ಟ ಗೃಹಿಣಿಯು ಅಂದಿನ ರಾತ್ರಿ ಆ ಬಸ್ಸನ್ನೇರುವ ಐವತ್ತು ಮಂದಿಗೂ ಉಪಕಾರಮಾಡಿದವಳು. ನೆಗಡಿಗೆಂದು ನುಂಗುವ ಕೆಲವು ಗುಳಿಗೆಗಳಿಂದಲೂ ತೂಕಡಿಕೆಯುಂಟಾಗುತ್ತದೆ. ಸಾರಥಿಗೆ ಔಷಧವನ್ನು ಕೊಡಿಸುವಾಗ ಅವನ ಉದ್ಯೋಗವೇನೆಂಬುದನ್ನು ವೈದ್ಯರಿಗೆ ತಿಳಿಸುವುದು ಅವಶ್ಯ. ಕಣ್ಣಿನ ಪರೀಕ್ಷೆಯನ್ನು ಐದು ವರ್ಷ ಕಾಯದೆ ವರ್ಷಕ್ಕೊಮ್ಮೆ ಮಾಡಿಸುವುದೂ, ಸಿಹಿಮೂತ್ರ ರೋಗ ಮತ್ತು ರಕ್ತದ ಒತ್ತಡಗಳನ್ನು ನೋಡಿಸುತ್ತಿರುವುದೂ ಲೇಸು. ಮದ್ಯದ ವಿಷಯದಲ್ಲಂತೂ ಹೇಳಬೇಕಾದದ್ದು ಒಂದೇ ಮಾತು: ಕುಡಿದ ರಾತ್ರಿಯ ಮಾರನೆಯ ಬೆಳಗ್ಗೆಯೂ ಅದು ರಕ್ತದಲ್ಲಿ ಉಳಿದಿರಬಹುದು.

ಕಾರಿನ ಲೈಸೆನ್ಸಿಗೆ ಇನ್ನೊಂದು ವರ್ಗವನ್ನು ಸೇರಿಸಿಕೊಳ್ಳಲು ಹೊರಟ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ತಡೆಯಬೇಡಿರಿ. ಅದು ಗೌರವದ ಉದ್ಯೋಗ. ಆದರೆ ಅರ್ಜಿಯನ್ನು ತುಂಬುವ ಮೊದಲು ಒಂದು ದಿನ ಅವರನ್ನು ಕರೆದುಕೊಂಡು ಹತ್ತಿರದ ಬಸ್ಸು ನಿಲ್ದಾಣಕ್ಕೆ ಹೋಗಿರಿ. ದೊಡ್ಡ ಬಸ್ಸೊಂದು ತಿರುಗುವಾಗ ಅದರ ಹಿಂದಿನ ಚಕ್ರವು ಎಲ್ಲಿ ಹಾದುಹೋಗುತ್ತದೆಂಬುದನ್ನೂ, ಮೆಟ್ಟಲನ್ನು ಹತ್ತುವವರು ಯಾರುಯಾರೆಂಬುದನ್ನೂ ಅರ್ಧ ಗಂಟೆ ಸುಮ್ಮನೆ ನಿಂತು ನೋಡಲಿ. ಮೂವತ್ತು ದಿನಗಳ ಶಿಕ್ಷಣವು ಹೆಚ್ಚಾಯಿತೆಂದು ಆಮೇಲೆ ಅವರು ಹೇಳಲಾರರು.